ಚುಕ್ಕಾಣಿಯ ಹತ್ತಿರ ಹಿಡಿದ ಕೈ

"ಕೈ ಎತ್ತಿ ಮೇಡಂ. ಬೆಲ್ಟ್ ನೋಡ್ಬೇಕು."

ಮೇಡಂ!

ಆರು ವರ್ಷ ಆದ್ಮೇಲೆ ಎದುರಿಗೆ ಸಿಕ್ಕವನ ಬಾಯಿಂದ ಬಂದ ಮೊದಲ ಮಾತು ಇದು. ಅವಳಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಆದರೂ ಕೈ ಎತ್ತಿದಳು. ಎತ್ತದೆ ವಿಧಿಯಿಲ್ಲ. ಸಮುದ್ರಕ್ಕೆ ಇಳಿಯೋ ಮೊದಲು ಒಬ್ಬರ ಬೆಲ್ಟು, ಸಿಲಿಂಡರು, ಉಸಿರಿನ ಕೊಳವೆ ಇನ್ನೊಬ್ಬರು ಮುಟ್ಟಿ, ಎಳೆದು ನೋಡಲೇಬೇಕು. ಡೈವಿಂಗ್ ಮಾಡುವವರ ನಿಯಮ ಅದು.

ಅವನು ಸೊಂಟದ ಬೆಲ್ಟು ಎಳೆದು ನೋಡಿದ. ಭುಜದ ಪಟ್ಟಿ ಬಿಗಿ ಮಾಡಿದ. ಮುಖ ಮಾತ್ರ ನೋಡಲಿಲ್ಲ.

'ನೋಡೋ ಒಂದ್ಸಲ... ನಾನೇ ಕಣೋ!' ಅಂತ ಅವಳ ಮನಸ್ಸು ಒಳಗೊಳಗೇ ಕೂಗಿತು. ಮರುಕ್ಷಣ ತನ್ನನ್ನೇ ಬೈದುಕೊಂಡಳು. 'ನೋಡಿದ್ರೆಷ್ಟು, ಬಿಟ್ರೆಷ್ಟು! ಶನಿವಾರ, ಭಾನುವಾರ ಇದ್ದು ಹೋಗೋಳು ನಾನು.'

"ಉಸಿರು ಸರಿಯಾಗಿ ಬರ್ತಿದ್ಯಾ?"

"ಬರ್ತಿದೆ ಸಾರ್."

ಆ 'ಸಾರ್' ಒಳಗೆ ಎಷ್ಟು ಖಾರ ಅರೆದು ಹಾಕಬಹುದೋ ಅಷ್ಟನ್ನೂ ಹಾಕಿದ್ದಳು. ಪಟ್ಟಿಯ ಮೇಲಿದ್ದ ಅವನ ಕೈ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಏನೂ ಆಗದವನ ಹಾಗೆ ಒಳಗಿನ ಕೋಣೆಗೆ ಹೋದ.

ಅಂಗಡಿ ಒಂಚೂರೂ ಬದಲಾಗಿರಲಿಲ್ಲ. ಗೋಡೆಗೆ ಸಾಲಾಗಿ ನೇತುಬಿದ್ದ ಒದ್ದೆ ಬಟ್ಟೆಗಳು, ರಬ್ಬರು ಮತ್ತು ಉಪ್ಪು ಸೇರಿದ ಅದೇ ವಾಸನೆ, ಮೂಲೆಯಲ್ಲಿ ಹಿಡಿ ಮುರಿದ ಅದೇ ಟೀ ಕೆಟಲ್ಲು. ಬದಲಾಗಿದ್ದು ಅವನು. ಕಿವಿಯ ಹತ್ತಿರ ನಾಲ್ಕು ಬಿಳಿಕೂದಲು ಬಂದಿದ್ದವು. ಅವನ್ನು ಅವಳು ಎರಡೆರಡು ಸಲ ಎಣಿಸಿದ್ದಳು... ಯಾಕೋ!

ಅವನು ಒಂದು ಜೊತೆ ಹಳದಿ ಫಿನ್ಸ್ ತಂದು ಬೆಂಚಿನ ಮೇಲಿಟ್ಟ. ಕಾಲಿಗೆ ಹಾಕೋ ರಬ್ಬರ್ ರೆಕ್ಕೆಗಳು. ಅವಳವೇ!

"ನಿಮ್ಮವು. ಬಿಟ್ಟು ಹೋಗಿದ್ರಿ."

"ಇನ್ನೂ ಇಟ್ಕೊಂಡಿದ್ದೀರಾ?"

"ಇಲ್ಲಿ ಯಾರ ಸಾಮಾನೂ ಬಿಸಾಡಲ್ಲ."

ಅವಳು ರಬ್ಬರನ್ನು ಬೆರಳಲ್ಲಿ ಬಗ್ಗಿಸಿ ನೋಡಿದಳು. ಸುಮ್ಮನೆ ಮೂಲೆಗೆಸೆದಿದ್ದರೆ ಇಷ್ಟು ವರ್ಷಕ್ಕೆ ಒಣಗಿ ಬಿರುಕು ಬಿಡಬೇಕಿತ್ತು. ಇದು ನಿನ್ನೆ ತಂದ ಹಾಗೆ ಮೆತ್ತಗಿತ್ತು. ಯಾರೋ ಆಗಾಗ ಸಿಹಿನೀರಲ್ಲಿ ತೊಳೆದು, ಪೌಡರ್ ಸವರಿ, ಜೋಪಾನ ಮಾಡಿದ್ದರು.

'ಯಾರೋ ಅಂತೆ! ಗೊತ್ತಿಲ್ವಾ ನಿನಗೆ?' ಅಂತ ಮನಸ್ಸು ಅಣಕಿಸಿತು. ಅವಳು ಅದರ ಬಾಯಿ ಮುಚ್ಚಿಸಿ, ಫಿನ್ಸನ್ನು ಚೀಲದ ಅಡಿಗೆ ತುರುಕಿದಳು.

"ನಂಗೆ ಬಾಡಿಗೆಯ ಕಪ್ಪು ಫಿನ್ಸೇ ಸಾಕು," ಅಂದಳು.

ಹಠ ಅಂದ್ರೆ ಹಠ!

*

ಇವರಿಬ್ಬರ ಹಳೇ ಕಥೆ ಹೇಳದಿದ್ದರೆ ನಿಮಗೆ ಈ ಉರಿಯ ಬುಡ ಗೊತ್ತಾಗೋದಿಲ್ಲ. ಹೇಳ್ತೀನಿ, ಕೇಳಿ.

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅದಕ್ಕೇ ಗೆಳೆಯರ ಬಾಯಲ್ಲಿ ಅವಳ ಹೆಸರು 'ಕನ್ನಡಕ'. ಡೈವಿಂಗ್ ಕಲಿಸುವ ಅವನು ನೀರಿನೊಳಗೆ ಎಷ್ಟು ನಿಧಾನ ಅಂದರೆ, ಹೆಸರು 'ಆಮೆ' ಅಂತಲೇ ಬಿದ್ದಿತ್ತು. ಮೂರನೆಯವಳು 'ಗಿಳಿ'. ನಿದ್ದೆಯಲ್ಲಿ ಬಿಟ್ಟರೆ ಬಾಯಿ ಮುಚ್ಚಿದ ದಾಖಲೆಯೇ ಇಲ್ಲ!

ಕನ್ನಡಕ ಮತ್ತು ಗಿಳಿ ಒಟ್ಟಿಗೇ ಕಲಿಯಲು ಸೇರಿದ್ದರು. ಕಲಿಯೋದು ಶುರುವಾಗಿ ಸ್ವಲ್ಪ ದಿನಕ್ಕೆ ಆಮೆ ಕಣ್ಣು ತೋರಿಸೋಕೆ ಅಂತ ಕನ್ನಡಕದ ಅಂಗಡಿಗೆ ಬಂದ. ಕೊನೇ ಸಾಲಿನ ಸಣ್ಣ ಅಕ್ಷರ ತಪ್ಪು ತಪ್ಪಾಗಿ ಓದಿದ. ಮುಂದಿನ ವಾರ ಮತ್ತೆ ಬಂದ. ಮತ್ತೆ ತಪ್ಪು. ಮೂರನೇ ಸಲ ಅವಳು ದೀಪ ಆರಿಸಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಆಮೆಯವರೇ, ಎದುರುಗಡೆ ಬಸ್ಸಿನ ನಂಬರ್ ಇಲ್ಲಿಂದಾನೇ ಓದ್ತೀರಿ. ಇದು ಕಾಣಲ್ವಾ?"

"ಇದೂ ಕಾಣುತ್ತೆ."

"ಮತ್ತೆ?"

"ಸರಿಯಾಗಿ ಓದಿದ್ರೆ ಮನೆಗೆ ಕಳಿಸಿಬಿಡ್ತೀರಲ್ಲ..."

ಅಯ್ಯೋ, ಅವತ್ತು ಅವಳ ಕೆನ್ನೆ ನೋಡಬೇಕಿತ್ತು!

ಆಮೇಲಿನ ದಿನಗಳು ಹಾಗೇ ತೇಲಿಹೋದವು. ಅಂಗಡಿ ಮುಂದಿನ ಕಟ್ಟೆಯ ಮೇಲೆ ಕೂತು ಕುಡಿದ ಟೀ. ರಸ್ತೆಯ ಆ ಕಡೆಯಿಂದ ಅವನು, ಈ ಕಡೆಯಿಂದ ಇವಳು, ನೀರೊಳಗಿನ ಕೈಸನ್ನೆಯಲ್ಲೇ ಆಡಿದ ಮಾತು. 'ಎಲ್ಲ ಸರಿ ಇದೆಯಾ?' ಅಂತ ಅವನು ಹೆಬ್ಬೆರಳಿಗೆ ತೋರುಬೆರಳು ಸುತ್ತಿ ತೋರಿಸಿದರೆ, 'ಎಲ್ಲ ಸರಿ' ಅಂತ ಇವಳೂ ಬೆರಳು ಸುತ್ತೋಳು. ನೋಡಿದವರು ಇಬ್ಬರಿಗೂ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು.

ಒಂದು ಶನಿವಾರ ಅವನು ಹೇಳಿದ್ದ.

"ನಾಳೆ ದೊಡ್ಡ ಹಡಗಿಗೆ ಇಳೀತೀವಿ. ಚುಕ್ಕಾಣಿ ಹತ್ತಿರ ಬಾ. ನಿಂಗೊಂದು ವಿಷಯ ಹೇಳ್ಬೇಕು."

"ನೀರೊಳಗೆ ಹೇಗೋ ಹೇಳ್ತೀಯ?"

"ಕೈ ಹಿಡಿದ್ರೆ ಹೇಳಿದೆ ಅಂತ ತಿಳ್ಕೋ. ನಿಂಗೂ ಒಪ್ಪಿಗೆ ಇದ್ರೆ ಬಿಗಿಯಾಗಿ ಹಿಡ್ಕೋ. ಇಲ್ಲಾಂದ್ರೆ... ಬಿಡಿಸ್ಕೋ. ಮೇಲೆ ಬಂದ್ಮೇಲೆ ನಾನು ಏನೂ ಕೇಳಲ್ಲ."

ಎದುರಿಗೆ ನಿಂತು ಹೇಳೋ ಧೈರ್ಯ ಇಲ್ಲ ಮಹಾಶಯನಿಗೆ! ಆದರೆ ಅವಳಿಗೆ ಅದೇ ಇಷ್ಟವಾಗಿತ್ತು.

ಮರುದಿನ ಮೂವರೂ ಇಳಿದರು. ಯಾವುದೋ ಕಾಲದ ಬಿರುಗಾಳಿಗೆ ಮುಳುಗಿದ ಸರಕಿನ ಹಡಗು. ಮೇಲ್ಭಾಗದಲ್ಲಿ ಕಪ್ತಾನನ ಕೋಣೆ, ಅದರ ನಡುವೆ ತುಕ್ಕು ಹಿಡಿದ ಚುಕ್ಕಾಣಿಯ ಚಕ್ರ. ನೀರು ಅವತ್ತು ಬಗ್ಗಡವಾಗಿತ್ತು. ಅವಳು ಕೋಣೆಯ ಕಿಟಕಿಯ ಹತ್ತಿರ ಬಂದಳು. ಒಳಗೆ ಇಣುಕಿದಳು.

ಒಳಗೆ ಅವನು ಗಿಳಿಯ ಕೈ ಹಿಡಿದು ನಿಂತಿದ್ದ.

ಗಿಳಿ ಎರಡೂ ಕೈಯಿಂದ ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವನು ಬಿಡಿಸಿಕೊಳ್ಳಲಿಲ್ಲ.

ಅಷ್ಟೇ. ಅವಳು ಮೇಲೆ ಬಂದಳು. ದೋಣಿಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಬೆಳಗಾದ ಕೂಡಲೇ ಮೊದಲ ಬಸ್ಸು ಹಿಡಿದಳು. ಫೋನ್ ನಂಬರ್ ಬದಲಾಯಿಸಿದಳು. ಬೇರೆ ಊರಿನ ಬೇರೆ ಕನ್ನಡಕದ ಅಂಗಡಿ ಸೇರಿದಳು. ಮುಂದೊಂದು ದಿನ ಗಿಳಿ ಬ್ಯಾಂಕಿನವನೊಬ್ಬನನ್ನು ಮದುವೆಯಾದಳು ಅಂತ ಕೇಳಿದಾಗ, 'ಇವನನ್ನ ಅವಳೂ ಬಿಟ್ಟಳು ಅನ್ಸುತ್ತೆ' ಅಂದುಕೊಂಡಳು. ಖುಷಿಪಡಬೇಕಿತ್ತು. ಅಳು ಬಂತು.

ಗಿಳಿಗೆ ಪಾಪ, ಇದ್ಯಾವುದೂ ಗೊತ್ತಿಲ್ಲ. ಹೇಗೋ ಹೊಸ ನಂಬರ್ ಹುಡುಕಿ, "ಮತ್ತೆ ಎಲ್ಲರೂ ಸೇರೋಣ ಕಣೇ, ಬರಲಿಲ್ಲ ಅಂದ್ರೆ ನನ್ನ ಹೆಣದ ಮೇಲಾಣೆ!" ಅಂತ ಪಟ್ಟು ಹಿಡಿದಳು. ಇವಳೂ ಒಪ್ಪಿದಳು. ಕಾರಣ ಗಿಳಿಯಲ್ಲ, ಅತ್ತಿಗೆ. ಅತ್ತಿಗೆ ಒಬ್ಬ ಹಲ್ಲಿನ ಡಾಕ್ಟರನ್ನು ಹುಡುಕಿದ್ದರು. ಸೋಮವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಒಂದು ಸಲ ಅವನನ್ನು ನೋಡಿ, ಏನೂ ಅನಿಸಲಿಲ್ಲ ಅಂತ ಖಾತ್ರಿ ಮಾಡಿಕೊಂಡು, ಡಾಕ್ಟರಿಗೆ ಹೂಂ ಅನ್ನೋಣ ಅಂತ ಬಂದಿದ್ದಳು.

ಏನೂ ಅನಿಸಲಿಲ್ಲವಂತೆ! ನಾಲ್ಕು ಬಿಳಿಕೂದಲನ್ನು ಎರಡೆರಡು ಸಲ ಎಣಿಸಿದವಳು!

*

ಶನಿವಾರ ದಡದ ಹತ್ತಿರದ ಸಣ್ಣ ಹಡಗು. ಕಲಿಸುವವನನ್ನು ಬಿಟ್ಟರೆ ಬೇರೆ ಯಾರೂ ನೀರೊಳಗೆ ಒಬ್ಬೊಬ್ಬರೇ ಹೋಗೋ ಹಾಗಿಲ್ಲ, ಜೋಡಿಯಾಗೇ ಹೋಗಬೇಕು. ಗಿಳಿ ತನ್ನ ಗಂಡನ ತೋಳು ಹಿಡಿದು, "ನಮ್ಮ ಜೋಡಿ ಇದು. ಉಳಿದವರು ನೀವಿಬ್ರೇ, ಏನಾದ್ರೂ ಮಾಡ್ಕೊಳಿ!" ಅಂದುಬಿಟ್ಟಳು.

ಇಳಿದರು. ಅವನು ನಿಯಮದ ಪ್ರಕಾರ ಆಗಾಗ ತಿರುಗಿ ಬೆರಳು ಸುತ್ತಿ ತೋರಿಸುತ್ತಿದ್ದ. ಎಲ್ಲ ಸರಿ ಇದೆಯಾ?

ರಸ್ತೆಯ ಆ ಕಡೆಯಿಂದ ಕೇಳುತ್ತಿದ್ದ ಅದೇ ಸನ್ನೆ. ಅವಳಿಗೆ ಅಳು ಉಕ್ಕಿ ಬಂತು. ಮಾಸ್ಕಿನೊಳಗೆ ಅತ್ತರೆ ಕಣ್ಣೀರು ಒರೆಸೋಕೂ ಆಗಲ್ಲ ನೋಡಿ, ಅದೊಂದು ಕರ್ಮ!

'ಏನೂ ಸರಿ ಇಲ್ಲ ಕಣೋ,' ಅಂದಿತು ಮನಸ್ಸು. ಬೆರಳು ಮಾತ್ರ 'ಎಲ್ಲ ಸರಿ' ಅಂದಿತು.

ತಿರುಗುವಾಗ ಹಳೆಯ ಮೀನುಬಲೆಯೊಂದು ಅವಳ ಸಿಲಿಂಡರಿಗೆ ಸಿಕ್ಕಿಕೊಂಡಿತು. ಎಳೆದಷ್ಟೂ ಬಿಗಿಯಿತು. ಅವನು ಬಂದು ಅವಳ ಭುಜದ ಮೇಲೆ ಅಂಗೈ ಇಟ್ಟ. 'ಅಲ್ಲಾಡಬೇಡ, ನಾನಿದ್ದೀನಿ.' ಸಣ್ಣ ಚಾಕು ತೆಗೆದು ಒಂದೊಂದೇ ಎಳೆ ಕತ್ತರಿಸಿದ. ಯಾವತ್ತಿನ ಹಾಗೆ ನಿಧಾನ. ಬಿಡಿಸಿದ ಮೇಲೂ ಅಂಗೈ ಒಂದು ಕ್ಷಣ ಹೆಚ್ಚಾಗಿಯೇ ಅಲ್ಲಿತ್ತು.

ಸಂಜೆ ಅಂಗಡಿ ಮುಂದಿನ ಕಟ್ಟೆಯ ಮೇಲೆ ಅವಳೊಬ್ಬಳೇ ಕೂತಿದ್ದಳು. ಅತ್ತಿಗೆಯ ಫೋನ್ ಬಂತು.

"ಏನ್ ಪುಟ್ಟಿ, ಮೀನುಗಳೆಲ್ಲ ಕ್ಷೇಮಾನಾ? ಡಾಕ್ಟರ್ ಇವತ್ತೂ ಕೇಳಿದ್ರಮ್ಮ. ನಿಮ್ಮಣ್ಣ ನನ್ನ ತಲೆ ತಿಂತಿದ್ದಾರೆ."

"ಸೋಮವಾರ ಹೇಳ್ತೀನಿ ಅಂದಿದ್ದೆನಲ್ಲ ಅತ್ತಿಗೆ."

"ಹೇಳು, ಬೇಡ ಅನ್ನಲ್ಲ. ಆದ್ರೆ ಮನಸಲ್ಲಿ ಒಂದಿಟ್ಕೊಂಡು ಬಾಯಲ್ಲಿ ಇನ್ನೊಂದು ಹೇಳ್ಬೇಡ. ಆ ಮನುಷ್ಯ ಒಳ್ಳೆಯವನು."

ಫೋನ್ ಇಟ್ಟು ತಿರುಗಿದರೆ ಅವನು! ಎರಡು ಲೋಟ ಟೀ ಹಿಡಿದು ನಿಂತಿದ್ದ. ಒಂದನ್ನು ಅವಳ ಪಕ್ಕದಲ್ಲಿಟ್ಟ. ತಾನು ದೂರ ಕೂತ.

"ಅವತ್ತು ಯಾಕೆ ಹಾಗೆ ಹೋದ್ರಿ?" ಅಂದ, ಸಮುದ್ರ ನೋಡುತ್ತಾ.

"ನಿಮಗೇ ಗೊತ್ತಲ್ಲ."

"ಗೊತ್ತಿದ್ರೆ ಇಷ್ಟು ವರ್ಷ ತಲೆ ಕೆಡಿಸ್ಕೊಳ್ತಿರಲಿಲ್ಲ."

"ಅಬ್ಬಾ! ಆಟ ಆಡಿದ್ದು ನೀವು, ತಲೆ ಕೆಟ್ಟಿದ್ದೂ ನಿಮಗೇನಾ?"

ಅವನು ಎದ್ದು ನಿಂತ.

"ಆಟ ಆಡಿದ್ದು ನಾನಲ್ಲ. ಒಪ್ಪಿಗೆ ಕೊಟ್ಟು, ಬೆಳಗಾಗೋದ್ರೊಳಗೆ ಓಡಿಹೋದೋರು ನೀವು."

ಟೀ ಮುಟ್ಟದೆ ಹೊರಟುಹೋದ.

ಒಪ್ಪಿಗೆ? ಯಾರು ಕೊಟ್ಟಿದ್ದು? ಯಾವಾಗ? 'ನನ್ನ ಕೈ ಮುಟ್ಟಲೂ ಇಲ್ಲ, ಈಗ ತಪ್ಪೆಲ್ಲ ನನ್ನ ತಲೆಗೆ! ಎಷ್ಟು ಸಲೀಸಾಗಿ ಸುಳ್ಳು ಹೇಳ್ತಾನಪ್ಪಾ...'

ಚೀಲದ ಅಡಿಯಿಂದ ಹಳದಿ ಫಿನ್ಸ್ ಹೊರಗೆಳೆದಳು. ನಾಳೆ ದೊಡ್ಡ ಹಡಗಿನ ಹತ್ತಿರ ಹೋದಾಗ ಇದನ್ನು ಸಮುದ್ರಕ್ಕೆ ಎಸೆದುಬಿಡೋದು. ಶುರುವಾದ ಜಾಗದಲ್ಲೇ ಮುಳುಗಿಹೋಗಲಿ. ಸೋಮವಾರ ಅತ್ತಿಗೆಗೆ ಹೂಂ ಅನ್ನೋದು. ಮುಗೀತು!

*

ಭಾನುವಾರ ಬೆಳಗ್ಗೆ ನೀರು ಗಾಜಿನ ಹಾಗಿತ್ತು. ದೋಣಿ ನಡೆಸುವವರು ಅದೇ ಹಳೆಯ ದೋಣಿಮಾಮ. ಹಡಗಿನ ಜಾಗ ಬಂದ ಕೂಡಲೇ ಎಂಜಿನ್ ನಿಲ್ಲಿಸಿದರು. ಅವಳು ಮೆಲ್ಲಗೆ ಫಿನ್ಸ್ ಕೈಗೆ ತೆಗೆದುಕೊಂಡಳು.

"ಅಯ್ಯಯ್ಯೋ! ಇವು ಇನ್ನೂ ಬದುಕಿದಾವಾ?" ಗಿಳಿ ಚೀರಿದಳು. "ರೀ, ಇಲ್ನೋಡ್ರೀ! ಅವತ್ತು ನನ್ನ ಜೀವ ಉಳಿಸಿದ ಫಿನ್ಸು ಇವೇ!"

"ಯಾವತ್ತು?" ಅಂದ ಗಿಳಿಯ ಗಂಡ.

"ಅದೇ ಕಣ್ರೀ, ಆಗ ಇದೇ ಹಡಗಿಗೆ ಬಂದಿದ್ವಲ್ಲ. ಆಮೆ ಹಡಗಿಗೆ ಹಗ್ಗ ಕಟ್ಟೋಕೆ ಮೊದಲೇ ಇಳಿದಿದ್ದ. ನಾನು ಇಳೀಬೇಕು, ಅಷ್ಟರಲ್ಲಿ ನನ್ನ ಫಿನ್ಸ್ ಪಟ್ಟಿ ಕಿತ್ತು ಕೈಗೆ ಬಂತು. ದೋಣಿಯಲ್ಲಿದ್ದ ಕಪ್ಪು ಜೊತೆ ನನ್ನ ಕಾಲಿಗೆ ದೊಡ್ಡದು. ಇವಳು ತನ್ನ ಹಳದೀದು ಬಿಚ್ಚಿ ನಂಗೆ ಕೊಟ್ಟು, ಆ ಕಪ್ಪನ್ನ ತಾನು ಹಾಕ್ಕೊಂಡ್ಲು. ಚಿನ್ನದಂಥ ಹುಡುಗಿ!"

ಸಿಲಿಂಡರ್ ತಿರುವುತ್ತಿದ್ದ ಆಮೆಯ ಕೈ ನಿಂತಿತು.

ಗಿಳಿ ಎಲ್ಲಿ ನಿಲ್ಲಿಸುತ್ತಾಳೆ!

"ಕೆಳಗೆ ಹೋದ್ರೆ ಏನೂ ಕಾಣಲ್ಲ. ಆ ಚುಕ್ಕಾಣಿ ಕೋಣೆಯೊಳಗೆ ಜೀವ ಬಾಯಿಗೆ ಬಂದಿತ್ತು. ಪುಣ್ಯಕ್ಕೆ ಆಮೆ ಹಿಂದಿನಿಂದ ಬಂದು ಕೈ ಹಿಡಿದ ನೋಡಿ, ಹೋದ ಜೀವ ಬಂತು! ನಾನು ಹಿಡಿದ ಬಿಗಿಗೆ ಅವನ ಬೆರಳು ಮುರೀಬೇಕಿತ್ತು. ಲೋ ಆಮೆ, ಥ್ಯಾಂಕ್ಸ್ ಹೇಳೋದೇ ಮರೆತಿದ್ದೆ ಕಣೋ!"

ಠಣ್! ಸ್ಪ್ಯಾನರ್ ಅವನ ಕೈಜಾರಿ ಬಿತ್ತು.

"ಅವತ್ತು... ಈ ಫಿನ್ಸ್... ನಿನ್ನ ಕಾಲಲ್ಲಿತ್ತಾ?" ಅಂದ. ದನಿ ಅವನದೇ ಅನಿಸಲಿಲ್ಲ.

"ಮತ್ತೆ ಇನ್ಯಾರ ಕಾಲಲ್ಲಿ..." ಅಂದ ಗಿಳಿ ಅವನ ಮುಖ ನೋಡಿ, ಇವಳ ಮುಖ ನೋಡಿ, ಜೀವನದಲ್ಲಿ ಮೊದಲ ಸಲ ಅರ್ಧಕ್ಕೇ ಮಾತು ನಿಲ್ಲಿಸಿದಳು.

ನೀರೊಳಗೆ ಯಾರ ಮುಖವೂ ಮುಖವಲ್ಲ. ಎಲ್ಲರ ಮೈಮೇಲೂ ಒಂದೇ ಕಪ್ಪು ಬಟ್ಟೆ, ಕಣ್ಣು ಮೂಗು ಮುಚ್ಚಿದ ಮಾಸ್ಕು, ಬಾಯಲ್ಲಿ ಉಸಿರಿನ ಕೊಳವೆ. ಡೈವಿಂಗ್ ಮಾಡುವವರು ಒಬ್ಬರನ್ನೊಬ್ಬರು ಗುರುತು ಹಿಡಿಯೋದೇ ಕಾಲಿನ ಫಿನ್ಸ್ ಬಣ್ಣದಿಂದ. ಮೇಲೆ ಬಂದ ಕೂಡಲೇ ಏಣಿ ಹತ್ತುವ ಮೊದಲು ಫಿನ್ಸ್ ಬಿಚ್ಚಿ ದೋಣಿಗೆ ಕೊಟ್ಟುಬಿಡುತ್ತಾರೆ. ಎಲ್ಲ ಒಂದೇ ಬುಟ್ಟಿಗೆ. ಯಾರ ಕಾಲಲ್ಲಿ ಯಾವುದಿತ್ತು ಅಂತ ಮೇಲೆ ಯಾರು ನೋಡ್ತಾರೆ?

ಅವನು ತಿರುಗಿದ. ಎರಡು ದಿನದಲ್ಲಿ ಮೊದಲ ಸಲ ಅವಳ ಮುಖ ನೋಡಿದ.

"ಅದು... ನೀನಲ್ವಾ?"

ನೀವು ಹೋಗಿ ನೀನು ಬಂದಿತ್ತು. ಅವಳ ಕಣ್ಣು ತುಂಬಿತು.

"ನಾನು ಕಿಟಕಿ ಹೊರಗಿದ್ದೆ. ಎಲ್ಲ ನೋಡ್ದೆ."

"ಬಿಗಿಯಾಗಿ ಹಿಡ್ಕೊಂಡಾಗ ನೀನೇ ಒಪ್ಪಿದೆ ಅಂದ್ಕೊಂಡೆ ಕಣೇ! ನೀರೊಳಗೇ ಕುಣಿದುಬಿಟ್ಟಿದ್ದೆ. ದೋಣೀಲಿ ನೀನು ಮಾತಾಡಲಿಲ್ಲ, ನಾಚ್ಕೊಂಡಿದ್ದೀಯ ಅಂದ್ಕೊಂಡೆ. ಬೆಳಗ್ಗೆ ನೋಡಿದ್ರೆ ನೀನಿಲ್ಲ..."

"ನನ್ನ ಗುರುತು ಹಿಡಿಯೋಕೆ ನಿಂಗೆ ಫಿನ್ಸ್ ಬೇಕಿತ್ತೇನೋ? ಮುಖ ನೋಡಬಾರದಿತ್ತಾ?"

"ಧೈರ್ಯ ಬರಲಿಲ್ಲ. ಬಿಡಿಸ್ಕೊಂಡ್ರೆ ಅನ್ನೋ ಭಯ. ನೆಲ ನೋಡ್ಕೊಂಡು ಕೈ ಹಿಡಿದಿದ್ದೆ." ಅವನ ಕಣ್ಣೂ ಒದ್ದೆಯಾಗಿತ್ತು. "ನಾನು ಪೆದ್ದ, ಸರಿ. ನೀನು ಒಂದು ಮಾತು ಕೇಳಬಾರದಿತ್ತಾ?"

ಫಿನ್ಸ್ ಕೊಟ್ಟಿದ್ದು ಅವಳೇ. ಆ ಬಣ್ಣ ನೋಡಿ ಅವನು ಮೋಸಹೋಗಬಹುದು ಅಂತ ಯೋಚಿಸದವಳೂ ಅವಳೇ. ಊರವರ ಕಣ್ಣೆಲ್ಲ ಪರೀಕ್ಷೆ ಮಾಡುವವಳು, ತನ್ನ ಕಣ್ಣು ಕಂಡಿದ್ದನ್ನು ಮಾತ್ರ ಪರೀಕ್ಷೆ ಮಾಡಲಿಲ್ಲ.

"ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತ ದೊಡ್ಡೋರು ಸುಮ್ನೆ ಹೇಳಿದ್ರಾ?" ದೋಣಿಮಾಮ ಗೊಣಗಿದರು. "ಈಗ ಲಂಗರು ಬಿಡ್ಲೋ, ಅಳೋದು ಮುಗಿದ್ಮೇಲೆ ಬಿಡ್ಲೋ?"

"ನಂದೇ ತಪ್ಪು ಕಣೇ..." ಗಿಳಿ ಗಳಗಳ ಅಳುತ್ತಿದ್ದಳು. ಗಂಡ ಟವೆಲ್ ಕೊಟ್ಟು ಸಮಾಧಾನ ಮಾಡುತ್ತಿದ್ದ.

ಅವನು ಮೆಲ್ಲಗೆ ಕೇಳಿದ. "ನಿನ್ನೆ ಫೋನಲ್ಲಿ... ಸೋಮವಾರ ಹೇಳ್ತೀನಿ ಅಂತಿದ್ದೆ. ಸಂಬಂಧನಾ?"

"ಹೂಂ. ಹಲ್ಲಿನ ಡಾಕ್ಟರ್."

"ಒಳ್ಳೆಯವರಾ?"

"ಒಳ್ಳೆಯವರಂತೆ."

ಅವನು ತಲೆ ತಗ್ಗಿಸಿದ. "ಹಾಗಾದ್ರೆ ನಾನು ಏನೂ ಕೇಳೋ ಹಾಗಿಲ್ಲ. ನಿನ್ನ ಇಷ್ಟ..." ಅಂದು ಸಿಲಿಂಡರ್ ಬೆನ್ನಿಗೇರಿಸಿದ. ಹಗ್ಗ ಕಟ್ಟಲು ಮೊದಲು ಇಳಿಯುವವನು ಇವತ್ತೂ ಅವನೇ.

ಮತ್ತೆ ಅದೇ! ಮತ್ತೆ ನೆಲ ನೋಡ್ತಾನೆ, ಮತ್ತೆ ನಾನು ಬಸ್ಸು ಹತ್ತುತ್ತೀನಿ, ಮತ್ತೆ ವರ್ಷಗಳು ಹೋಗ್ತವೆ... ಉಹೂಂ!

"ಏಯ್ ಆಮೆ!"

ಅವನು ದೋಣಿಯ ಅಂಚಿನಲ್ಲಿ ತಿರುಗಿ ನೋಡಿದ.

"ಕಷ್ಟ ಬಂದ್ರೆ ಚಿಪ್ಪಿನೊಳಗೆ ತಲೆ ಎಳ್ಕೊಳ್ಳೋದು ಇನ್ನೂ ಬಿಟ್ಟಿಲ್ವಾ ನೀನು?" ಅನ್ನುತ್ತಲೇ ಅವಳು ಕೂತು, ಸಮುದ್ರಕ್ಕೆ ಎಸೆಯಬೇಕೆಂದಿದ್ದ ಹಳದಿ ಫಿನ್ಸನ್ನು ಕಾಲಿಗೆ ಹಾಕಿಕೊಂಡಳು. ಪಟ್ಟಿ ಬಿಗಿದಳು. "ಚುಕ್ಕಾಣಿ ಹತ್ತಿರ ಇರು. ನಿಂಗೊಂದು ವಿಷಯ ಹೇಳ್ಬೇಕು."

*

ಹಗ್ಗ ಹಿಡಿದು ಇಳಿದರು. ಅವಳು, ಗಿಳಿ, ಗಿಳಿಯ ಗಂಡ. ತಿಳಿನೀಲಿ ನೀರಿನಲ್ಲಿ ಹಡಗು ಮೆಲ್ಲಗೆ ಕಣ್ಣಿಗೆ ಬಂತು. ಅದೇ ಕಿಟಕಿ. ಈ ಸಲ ಅವಳು ಹೊರಗೆ ನಿಲ್ಲಲಿಲ್ಲ. ಒಳಗೆ ಹೋದಳು.

ಚಕ್ರದ ಪಕ್ಕದಲ್ಲಿ ಅವನಿದ್ದ. ಅವಳು ಕೈ ಮುಂದೆ ಚಾಚಿದಳು.

ಅವನು ಹಿಡಿಯಲಿಲ್ಲ!

ಮೊದಲು ಅವಳ ಹಳದಿ ಫಿನ್ಸ್ ನೋಡಿದ. ಆಮೇಲೆ ಬಾಗಿಲ ಬಳಿ ಇದ್ದ ಗಿಳಿಯ ಕಡೆ ತಿರುಗಿದ. ಗಿಳಿ 'ನಾನಲ್ಲಪ್ಪಾ ನಾನಲ್ಲ!' ಅನ್ನೋ ಹಾಗೆ ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡಳು. ಆಮೇಲೆ ಅವನು ತೀರಾ ಹತ್ತಿರ ಬಂದ. ಟಾರ್ಚಿನ ಬೆಳಕನ್ನು ಅವಳ ಮಾಸ್ಕಿಗೆ ಓರೆಯಾಗಿ ಹಿಡಿದು, ಗಾಜಿಗೆ ಗಾಜು ತಾಗುವಷ್ಟು ಬಾಗಿ, ಅವಳ ಕಣ್ಣೊಳಗೆ ನೋಡಿದ. ಒಂದು ಕಣ್ಣು. ಇನ್ನೊಂದು ಕಣ್ಣು. ಅವಳು ತನ್ನ ಅಂಗಡಿಯಲ್ಲಿ ಅವನಿಗೆ ಮಾಡುತ್ತಿದ್ದಳಲ್ಲ, ಹಾಗೇ!

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದಕ್ಕೆ ಮಾಸ್ಕಿನೊಳಗೆ ನೀರು ನುಗ್ಗಿತು. ಅದರಲ್ಲಿ ಸಮುದ್ರದ್ದೆಷ್ಟು, ಅವಳದ್ದೆಷ್ಟು ಅಂತ ಅವಳಿಗೂ ಗೊತ್ತಿಲ್ಲ.

ಆಗ ಅವನು ಕೈ ಹಿಡಿದ.

ಅವಳು ಬಿಗಿಯಾಗಿ ಹಿಡಿದಳು. ಗಿಳಿ ಹಿಡಿದಿದ್ದಕ್ಕಿಂತ ಬಿಗಿಯಾಗಿ!

ಅವನು ಇನ್ನೊಂದು ಕೈಯಲ್ಲಿ ಬೆರಳು ಸುತ್ತಿ ತೋರಿಸಿದ. ಎಲ್ಲ ಸರಿ ಇದೆಯಾ?

ಅವಳೂ ಬೆರಳು ಸುತ್ತಿದಳು. ಈ ಸಲ ಮನಸ್ಸೂ ಬೆರಳೂ ಒಂದೇ ಮಾತು ಹೇಳಿದವು.

*

ಮೇಲೆ ಬಂದು ದೋಣಿಯ ಏಣಿ ಹಿಡಿದು ತೇಲುವಾಗ ಅವಳು ಮಾಸ್ಕ್ ಎಳೆದು ಹಣೆಗೇರಿಸಿದಳು. ಕಣ್ಣು ಕೆಂಪಾಗಿತ್ತು.

"ಎಷ್ಟೊಂದು ವರ್ಷ ಹಾಳಾಯ್ತಲ್ಲೋ..."

"ಹಾಳಾಯ್ತು," ಅಂದ ಅವನು. ಸುಳ್ಳು ಸಮಾಧಾನ ಹೇಳಲಿಲ್ಲ. "ಪ್ರತಿ ತಿಂಗಳು ಆ ಫಿನ್ಸ್ ತೊಳೆಯುವಾಗ ಬೈಕೋತಿದ್ದೆ. ಬಿಸಾಡೋಣ ಅನ್ಸೋದು. ಮತ್ತೆ ಪೌಡರ್ ಸವರಿ ಇಡ್ತಿದ್ದೆ."

"ನಾನೂ ಬಿಸಾಡೋಣ ಅಂತಲೇ ತಂದಿದ್ದೆ ಇವತ್ತು."

ಎಷ್ಟರಲ್ಲಿ ತಪ್ಪಿತು ಅಂತ ಇಬ್ಬರಿಗೂ ಗೊತ್ತಾಗಿತ್ತು.

"ನಾಳೆ ಅತ್ತಿಗೆಗೆ ಏನ್ ಹೇಳ್ತೀಯ?"

"ನಾಳೆ ಯಾಕೆ? ಈಗಲೇ ಫೋನ್ ಮಾಡ್ತೀನಿ. ಅತ್ತಿಗೆ, ನನ್ನ ಹಲ್ಲು ಗಟ್ಟಿಯಾಗಿದೆ, ಡಾಕ್ಟರ್ ಬೇಡ ಅಂತೀನಿ."

ಮೇಲಿನಿಂದ ದೋಣಿಮಾಮ ಬಗ್ಗಿದರು. "ಅಲ್ರಪ್ಪಾ, ಏಣಿ ಹತ್ತೋ ಯೋಚನೆ ಇದೆಯೋ, ಅಲ್ಲೇ ಮನೆ ಕಟ್ತೀರೋ? ಫಿನ್ಸ್ ಬಿಚ್ಚಿ ಕೊಡಿ!"

ಅವನು ಹಿಡಿದುಕೊಂಡಿದ್ದ ಕೈ ನೋಡಿದ. ಆಮೇಲೆ ಅವಳ ಮುಖ ನೋಡಿದ. ನೋಡುತ್ತಲೇ ಇದ್ದ.

"ಕೈ ಬಿಡಿ ಮೇಡಂ. ಫಿನ್ಸ್ ಬಿಚ್ಚಬೇಕು."

"ಬಿಡಲ್ಲ ಸಾರ್," ಅಂದಳು ಅವಳು. "ಒಂದೇ ಕೈಲಿ ಬಿಚ್ಚಿ."